ಹೂಮರಿಗೂ ಬೇಕು ಚಾಕಿ ಮನೆ

ಚಾಕಿ ಕೆಟ್ಟರೆ ಬೆಳೆ ಕೆಟ್ಟಂತೆಯೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಮನೆಗಳಲ್ಲಿ ಈ ಮಾತನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚಾಕಿ ಎಂದರೆ ಎಳೆಹುಳುವಿನ ಸಾಕಣೆ: ಮೊಟ್ಟೆಯೊಡೆದು ಬಂದ ಹುಳು ಎರಡನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಏಳುವವರೆಗೆ ಕೋಣೆಯ ಶಾಖ 27–28 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕು, ತೇವಾಂಶ ಶೇ 80ಕ್ಕಿಂತ ಕೆಳಗಿಳಿಯಬಾರದು, ಕೊಡುವ ಸೊಪ್ಪು ಎಳೆಯದೇ ಆಗಿರಬೇಕು, ಒಳಗೆ ಕಾಲಿಡುವವರು ಕೈಕಾಲು ತೊಳೆದೇ ಬರಬೇಕು. ಹಿಂದೆ ಪ್ರತಿ ಮನೆಯೂ ಮಾಡಿಕೊಳ್ಳುತ್ತಿದ್ದ ಈ ಕೆಲಸವನ್ನು ಈಗ ಹೆಚ್ಚಾಗಿ ಚಾಕಿ ಸಾಕಣೆ ಕೇಂದ್ರಗಳು ಮಾಡುತ್ತವೆ. ಎರಡು ಜ್ವರ ದಾಟಿದ ಗಟ್ಟಿ ಹುಳುವನ್ನು ರೈತ ಮನೆಗೆ ತರುತ್ತಾನೆ, ಹಣ್ಣಾದ ಮೇಲೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾನೆ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಾನೆ.

ಅದೇ ಮನೆಯ ಹಿತ್ತಿಲಿಗೆ ಬನ್ನಿ. ಸಂತೆಯಲ್ಲಿ ಕೊಂಡ ಹತ್ತು ಹನ್ನೆರಡು ಕೋಳಿಯ ಹೂಮರಿಗಳು ಮಂಕರಿಯಡಿ ಕೂತಿರುತ್ತವೆ. ಒಂದು ತಟ್ಟೆ ನೀರು, ಒಂದು ಹಿಡಿ ನುಚ್ಚು. ಮೊದಲ ರಾತ್ರಿಯ ಚಳಿಗೆ ಒಂದೆರಡು ಸಾಯುತ್ತವೆ, ಮೂರನೇ ವಾರದ ರಕ್ತಭೇದಿಗೆ ಮತ್ತೆರಡು. ಉಳಿದವುಗಳಲ್ಲಿ ಹದ್ದಿನ ಪಾಲೊಂದು, ಕೊಕ್ಕರೆ ರೋಗದ ಪಾಲು ಮಿಕ್ಕದ್ದು. ‘ಕೋಳಿ ನಮಗೆ ಆಗಿಬರಲ್ಲ’ ಎಂದು ಮನೆಯವರು ಕೈಬಿಡುತ್ತಾರೆ.

ಹುಳುವಿನ ಎಳೆತನವನ್ನು ಇಷ್ಟು ಚೆನ್ನಾಗಿ ಬಲ್ಲ ಜನ ಮರಿಯ ಎಳೆತನದಲ್ಲಿ ಸೋಲುವುದು ತಿಳಿವಳಿಕೆ ಇಲ್ಲದೆ ಅಲ್ಲ. ಆ ಕೆಲಸವನ್ನು ಈವರೆಗೆ ತಾಯಿಕೋಳಿ ಸದ್ದಿಲ್ಲದೆ ಮಾಡಿಕೊಂಡು ಬಂದಿತ್ತು. ತಾಯಿಯಿಲ್ಲದ ಮರಿ ಮನೆಗೆ ಬಂದಾಗ ಆ ಹೊಣೆ ಯಾರದ್ದು ಎಂಬುದನ್ನು ನಾವು ಗೊತ್ತುಮಾಡಿಕೊಂಡಿಲ್ಲ. ಹಿತ್ತಿಲ ಕೋಳಿ ಸಾಕಣೆಯ ಲಾಭ ನಷ್ಟವೆಲ್ಲ ಮೊದಲ ಐದಾರು ವಾರದಲ್ಲೇ ತೀರ್ಮಾನವಾಗಿಬಿಡುತ್ತದೆ.

ಹ್ಯಾಟೆಯ ಇಪ್ಪತ್ತೊಂದು ದಿನ

ನಾಟಿ ಹ್ಯಾಟೆ ಒಂದು ಸರದಿಗೆ ಹನ್ನೆರಡರಿಂದ ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಬರುತ್ತದೆ. ಗೂಡು ಬಿಟ್ಟೇಳುವುದಿಲ್ಲ, ಹತ್ತಿರ ಹೋದರೆ ಗರಿ ಕೆದರಿಕೊಂಡು ಗುರ್ರೆನ್ನುತ್ತದೆ, ಎದೆಯ ಕೆಳಗಿನ ಪುಕ್ಕ ಉದುರಿ ಬರಿ ಚರ್ಮ ಕಾಣುತ್ತದೆ. ಆ ಬೆಚ್ಚನೆಯ ಚರ್ಮ ನೇರವಾಗಿ ಮೊಟ್ಟೆಗೆ ತಾಗಬೇಕು. ಹಳಬರು ಮಂಕರಿಗೆ ಬೂದಿ ಅಥವಾ ಮರಳು ಹಾಸಿ, ಮೇಲೆ ಹುಲ್ಲು, ಲಕ್ಕಿ ಸೊಪ್ಪು ಇಟ್ಟು, ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಇದ್ದಿಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿ ಇಡುತ್ತಿದ್ದರು. ಗುಡುಗಿನ ಮಾತು ನಂಬಿಕೆಗೆ ಸೇರಿದ್ದು. ಬೂದಿ ಮತ್ತು ಲಕ್ಕಿ ಸೊಪ್ಪಿನ ಉಪಯೋಗ ಮಾತ್ರ ಕಣ್ಣಿಗೆ ಕಾಣುವಂಥದ್ದು: ಅವು ಕೋಳಿಹೇನನ್ನು ದೂರವಿಡುತ್ತವೆ. ಹೇನು ಹತ್ತಿದರೆ ಎಂಥ ನಿಷ್ಠೆಯ ಹ್ಯಾಟೆಯೂ ಕಾವು ಬಿಟ್ಟು ಎದ್ದುಬಿಡುತ್ತದೆ.

ಒಂದು ನಾಟಿಕೋಳಿಯ ಮೈಯಡಿ ಹತ್ತರಿಂದ ಹನ್ನೆರಡು ಮೊಟ್ಟೆ ಸರಿಯಾಗಿ ಹಿಡಿಯುತ್ತವೆ. ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಕೋಳಿ ಮೊಟ್ಟೆಗಳನ್ನು ಕೊಕ್ಕಿನಿಂದ ಒಳಕ್ಕೂ ಹೊರಕ್ಕೂ ಸರಿಸುತ್ತಲೇ ಇರುವುದರಿಂದ ಇವತ್ತು ಒಳಗಿದ್ದದ್ದು ನಾಳೆ ಅಂಚಿಗೆ ಬಂದು, ಒಂದೊಂದಾಗಿ ಎಲ್ಲವೂ ಕೆಡುತ್ತವೆ. ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು, ಬಿರುಬೇಸಿಗೆಯಲ್ಲಿ ಇನ್ನೂ ಬೇಗ ಇಡಬೇಕು.

ಏಳನೆಯ ರಾತ್ರಿ ಕತ್ತಲೆಯಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪ ತುದಿಯನ್ನು ಹಿಡಿದು ನೋಡಿ. ಫಲವಾಗಿರುವ ಮೊಟ್ಟೆಯೊಳಗೆ ಒಂದು ಕಪ್ಪು ಚುಕ್ಕಿ, ಅದರಿಂದ ಸುತ್ತಲೂ ಹಬ್ಬಿದ ತೆಳು ಕೆಂಪು ನರಗಳು ಕಾಣುತ್ತವೆ. ಕೈ ಅಲುಗದೆ ಹಿಡಿದರೆ ಆ ಚುಕ್ಕಿ ತಾನೇ ಅಲುಗುವುದೂ ಕಾಣುತ್ತದೆ. ಏನೂ ಕಾಣದೆ ಹಳದಿ ಬೆಳಕು ಮಾತ್ರ ತುಂಬಿದ್ದರೆ ಅದು ಗೊಡ್ಡು ಮೊಟ್ಟೆ, ತೆಗೆದುಬಿಡಬೇಕು. ಇಪ್ಪತ್ತನೆಯ ದಿನ ಚಿಪ್ಪಿನೊಳಗಿಂದ ಚಿಲಿಪಿಲಿ ಕೇಳುತ್ತದೆ, ಹ್ಯಾಟೆ ಮೆಲ್ಲಗೆ ಲೊಚಗುಟ್ಟಿ ಉತ್ತರ ಕೊಡುತ್ತದೆ. ಚಿಪ್ಪು ಬಿರಿದ ಮರಿ ಹೊರಬರಲು ಗಂಟೆಗಟ್ಟಲೆ ಹಿಡಿಯಬಹುದು. ಕರುಣೆಯಿಂದ ನಾವು ಚಿಪ್ಪು ಸುಲಿಯಹೋದರೆ ಒಳಪೊರೆಯ ರಕ್ತನಾಳ ಹರಿದು ಮರಿ ಸಾಯುತ್ತದೆ.

ಹೊರಬಂದ ಮೇಲೆ ತಾಯಿಯ ದೊಡ್ಡ ಕೆಲಸ ಶುರು. ಚಳಿಯಾದರೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ, ಬಿಸಿಲೇರಿದರೆ ನೆರಳಿಗೆ ಕರೆದೊಯ್ಯುತ್ತದೆ, ತಿಪ್ಪೆ ಕೆದಕಿ ಹುಳು ತೋರಿಸುತ್ತದೆ, ಆಕಾಶದಲ್ಲಿ ನೆರಳು ಕಂಡರೆ ಒಂದೇ ಕೂಗಿಗೆ ಎಲ್ಲವನ್ನೂ ಅಡಗಿಸುತ್ತದೆ. ಶಾಖ, ಆಹಾರ, ಕಾವಲು, ಪಾಠ ಎಲ್ಲಕ್ಕೂ ಒಂದೇ ಜೀವ. ಇದಕ್ಕೆ ಕರೆಂಟು ಬೇಡ, ಕೂಲಿ ಬೇಡ.

ಕಾವು ಕೂರದ ತಳಿಗಳು

ಈ ಅಕ್ಕರೆಗೆ ಬೆಲೆಯೂ ಇದೆ. ಕಾವು ಕೂತ ಹ್ಯಾಟೆ ಮೊಟ್ಟೆಯಿಡುವುದಿಲ್ಲ, ಮರಿ ದೊಡ್ಡದಾಗುವವರೆಗೂ ಇಡುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸರದಿ ಮುಗಿಸುವಷ್ಟರಲ್ಲಿ ಅದರ ಲೆಕ್ಕ 50–60 ಮೊಟ್ಟೆಗೆ ನಿಲ್ಲುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಿಲಿಗೆಂದೇ ರೂಪಿಸಿ, 1989ರಲ್ಲಿ ಹೊರತಂದ ಗಿರಿರಾಜ 140–150 ಮೊಟ್ಟೆ ಕೊಡುತ್ತದೆ, ತೂಕವೂ ಚೆನ್ನಾಗಿ ಬರುತ್ತದೆ, ಬಣ್ಣದಲ್ಲೂ ನಾಟಿಗೆ ಹತ್ತಿರ. ಅನಂತರ ಬಂದ ಸ್ವರ್ಣಧಾರ ಇನ್ನೂ ಹೆಚ್ಚು ಮೊಟ್ಟೆಯ ತಳಿ. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳೂ ನಮ್ಮ ಹಳ್ಳಿಗಳನ್ನು ತಲುಪಿವೆ.

ಇವುಗಳ ಮೊಟ್ಟೆ ಹೆಚ್ಚಲು ಕಾವಿನ ಗುಣ ಕಡಿಮೆಯಾದದ್ದೂ ಒಂದು ಕಾರಣ. ಗಿರಿರಾಜ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಹಾಗಾಗಿ ಗಿರಿರಾಜ ಮಾತ್ರ ಸಾಕಿದ ಮನೆ ಪ್ರತಿ ಸಲವೂ ಮರಿಗಾಗಿ ಹೊರಗೆ ಕೈಚಾಚಬೇಕು. ಹಳ್ಳಿಯ ಅನುಭವಸ್ಥರು ಇದಕ್ಕೆ ಕಂಡುಕೊಂಡ ದಾರಿ ಸರಳ: ನಾಲ್ಕು ಗಿರಿರಾಜ ಕೋಳಿಗೆ ಒಂದು ನಾಟಿ ಹ್ಯಾಟೆ ಇಟ್ಟುಕೊಳ್ಳುವುದು, ಗಿರಿರಾಜನ ಮೊಟ್ಟೆಯನ್ನು ಅದರ ಮಡಿಲಿಗೆ ಹಾಕುವುದು. ನಾಟಿ ಸಂತತಿ ಒಂದೇ ಸಮನೆ ಸಂಕರವಾಗಿ ಕರಗಿಹೋಗುತ್ತಿರುವ ಈ ಹೊತ್ತಿನಲ್ಲಿ, ಚೆನ್ನಾಗಿ ಕಾವು ಕೂರುವ, ಮರಿ ಕಾಯುವ ಹ್ಯಾಟೆಯನ್ನು ಸಾರಿಗೆ ಹಾಕದೆ ಉಳಿಸಿಕೊಳ್ಳುವುದು ದೊಡ್ಡ ಉಪಕಾರ. ಯುಗಾದಿಯ ಮರುದಿನದ ವರ್ಷತೊಡಕು, ಮಾರಿಹಬ್ಬ, ಕಬ್ಬಾಳಮ್ಮನ ಹರಕೆ ಎಂದು ನಾಟಿಕೋಳಿಗೆ ಬೇಡಿಕೆ ಏರುವ ದಿನಗಳಲ್ಲಿ ಮೊದಲು ಮಾರಾಟವಾಗುವುದು ಹುಂಜಗಳಾಗಲಿ, ತಾಯಿಯಾಗಬಲ್ಲ ಹ್ಯಾಟೆಯಾಗದಿರಲಿ.

ಸಂತೆ ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಅವು ಹೆಚ್ಚಾಗಿ ಮೊಟ್ಟೆಕೋಳಿ ತಳಿಯ ಗಂಡು ಮರಿಗಳು. ಮೊಟ್ಟೆಯಿಡುವಂತಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದಿಲ್ಲ ಎಂದು ಮರಿ ಕೇಂದ್ರಗಳು ಬೇಡವೆಂದು ಬಿಟ್ಟವು. ಶಾಖವಿಲ್ಲದೆ, ಲಸಿಕೆಯಿಲ್ಲದೆ, ಬುಟ್ಟಿಯಲ್ಲಿ ಊರೂರು ಸುತ್ತಿ ಬಂದ ಆ ಜೀವಗಳು ಮಕ್ಕಳ ಕೈಗೆ ಬರುವಷ್ಟರಲ್ಲಿ ಅರ್ಧ ಸತ್ತಿರುತ್ತವೆ. ಮಗುವಿಗೆ ಮರಿ ಕೊಡಿಸುವ ಆಸೆಯಿದ್ದರೆ ಕಾವು ಕೂತ ಕೋಳಿಯಿರುವ ಮನೆಯಿಂದ ತಾಯಿ ಸಮೇತ ಮರಿ ತನ್ನಿ.

ತಾಯಿಯಿಲ್ಲದ ಮರಿಗೆ ಶಾಖವೇ ತಾಯಿ

ಹೊರಬರುವ ಮುನ್ನ ಮರಿ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ದಿನಕ್ಕಾಗುತ್ತದೆ. ಮರಿ ಕೇಂದ್ರದ ಪೆಟ್ಟಿಗೆಗಳು ನೀರು ಮೇವಿಲ್ಲದೆ ಬಸ್ಸಿನಲ್ಲಿ ಪ್ರಯಾಣ ಮಾಡಲು ಸಾಧ್ಯವಾಗುವುದು ಇದರಿಂದಲೇ. ಆದರೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಮಾತ್ರ ಹೂಮರಿಗಿಲ್ಲ. ಅದಕ್ಕೆ ಗರಿ ಬರಬೇಕು, ಗರಿಗೆ ವಾರಗಳು ಬೇಕು.

ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದರೆ ನಾಲ್ಕೈದು ವಾರಕ್ಕೆ ಹೊರಗಿನ ಹವೆಗೆ ಹೊಂದಿಕೊಳ್ಳುತ್ತವೆ. ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕ ಇಟ್ಟುಕೊಂಡರೆ ಮೂವತ್ತು ಮರಿಗೆ 60 ವ್ಯಾಟಿನ ಒಂದು ಬಲ್ಬು ಸಾಕು. ಅದು ಹಳೆಯ ಕಾಲದ ತಂತಿಯ ಬಲ್ಬೇ ಆಗಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಅಂಗಡಿಯಲ್ಲಿ ತಂತಿ ಬಲ್ಬು ಅಪರೂಪವಾಗಿರುವ ಈಗ, ಮರಿ ತರುವ ಮೊದಲೇ ಎರಡು ಬಲ್ಬು ಹುಡುಕಿಟ್ಟುಕೊಳ್ಳುವುದು ಒಳ್ಳೆಯದು. ಡಿಸೆಂಬರ್, ಜನವರಿಯ ರಾತ್ರಿ ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿಗಳಿಗೆ ಗೋಣಿ ಸುತ್ತಿ ನಡುವೆ ಇಡಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಇಡುವುದು ಮಾತ್ರ ಬೇಡ. ಆ ಗಾಳಿ ಮರಿಗೂ ಅಪಾಯ, ಮನೆಯವರಿಗೂ ಅಪಾಯ.

ಶಾಖ ಸರಿಯಿದೆಯೇ ಎಂದು ತಿಳಿಯಲು ಮಾಪಕಕ್ಕಿಂತ ಮರಿಗಳನ್ನೇ ನೋಡಬೇಕು. ರಟ್ಟು ಅಥವಾ ತಗಡನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಸುತ್ತಿ, ನಡುವೆ ಬಲ್ಬು ಇಳಿಬಿಟ್ಟು, ಸ್ವಲ್ಪ ಹೊತ್ತು ದೂರ ನಿಂತು ಗಮನಿಸಿ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಚಳಿಯಾಗಿದೆ, ಬಲ್ಬು ಇಳಿಸಿ. ಅಂಚಿಗೆ ಅಂಟಿಕೊಂಡು ಕೊಕ್ಕು ತೆರೆದು ತೇಕುತ್ತಿದ್ದರೆ ಸೆಕೆಯಾಗಿದೆ, ಏರಿಸಿ. ಎಲ್ಲ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿ, ಗುಂಪಿನಿಂದ ಸಣ್ಣಗೆ ಮೆಲುದನಿ ಬರುತ್ತಿದ್ದರೆ ಎಲ್ಲ ಸರಿಯಿದೆ. ದುಂಡಗೆ ಸುತ್ತುವುದಕ್ಕೂ ಕಾರಣವಿದೆ: ಮೂಲೆ ಸಿಕ್ಕರೆ ಮರಿಗಳು ಅಲ್ಲಿ ಗುಂಪಾಗಿ, ಅಡಿಯಲ್ಲಿದ್ದದ್ದು ಉಸಿರುಕಟ್ಟುತ್ತದೆ.

ಹಾಸಿಗೆಗೆ ಭತ್ತದ ಹೊಟ್ಟು ಎರಡು ಮೂರು ಇಂಚು. ಚನ್ನಪಟ್ಟಣದವರಿಗೆ ಗೊಂಬೆ ಕಡೆಯುವ ಮನೆಗಳ ಹಾಲೆಮರದ ಸಿಪ್ಪೆಯೂ ಸಿಕ್ಕೀತು. ಅರಗು ಮತ್ತು ಬಣ್ಣ ಹಚ್ಚುವ ಮೊದಲಿನ ಸುರುಳಿ ಸಿಪ್ಪೆಯನ್ನು ಮಾತ್ರ ಆರಿಸಿ ತರಬೇಕು. ನುಣ್ಣನೆ ಹುಡಿಯನ್ನು ಮರಿ ಮೇವೆಂದು ತಿಂದು ಹೊಟ್ಟೆ ಕಟ್ಟಿಸಿಕೊಳ್ಳುತ್ತದೆ. ಮೊದಲ ಮೂರು ದಿನ ಹೊಟ್ಟಿನ ಮೇಲೆ ಪತ್ರಿಕೆ ಹಾಸುವುದೂ ಇದೇ ಕಾರಣಕ್ಕೆ. ಹೊಟ್ಟು ಒದ್ದೆಯಾದಲ್ಲಿ ಆ ಭಾಗವನ್ನು ಅದೇ ದಿನ ತೆಗೆದು ಒಣಗಿದ್ದನ್ನು ತುಂಬಬೇಕು. ಮೂರರಿಂದ ಆರನೆಯ ವಾರದ ನಡುವೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿ ಬಲಿಯುವುದು ಒದ್ದೆ ಹಾಸಿಗೆಯಲ್ಲೇ.

ರಾಗಿ ಮತ್ತು ರೇಷ್ಮೆಯ ಪ್ಯೂಪಾ

ಮನೆಗೆ ಬಂದ ಮರಿಗೆ ಮೊದಲು ನೀರು, ಆಮೇಲೆ ಮೇವು. ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕರಗಿಸಿ, ಒಂದೊಂದೇ ಮರಿಯ ಕೊಕ್ಕನ್ನು ಅದ್ದಿ ಬಿಟ್ಟರೆ ಕಲಿತುಕೊಳ್ಳುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ. ಹೂಮರಿ ಅರ್ಧ ಇಂಚು ನೀರಿನಲ್ಲೂ ಮೈ ನೆನೆಸಿಕೊಂಡು ಚಳಿಗೆ ಸಾಯುತ್ತದೆ. ಮೊದಲ ದಿನ ಮೆಕ್ಕೆಜೋಳದ ಇಲ್ಲವೇ ರಾಗಿಯ ನುಚ್ಚು ಕೊಟ್ಟರೆ ಹಿಂಭಾಗಕ್ಕೆ ಹಿಕ್ಕೆ ಅಂಟುವುದು ಕಡಿಮೆ.

ಆದರೆ ನುಚ್ಚೊಂದೇ ಸಾಲದು. ಬೆಳೆಯುವ ಮರಿಯ ಮೇವಿನಲ್ಲಿ ಶೇ 20ರಷ್ಟು ಪ್ರೋಟೀನ್ ಇರಬೇಕು. ರಾಗಿಯಲ್ಲಿರುವುದು ಸುಮಾರು ಶೇ 7. ರಾಗಿ ತಿಂದ ಮರಿ ಬದುಕುತ್ತದೆ, ಬೆಳೆಯುವುದಿಲ್ಲ, ಗರಿ ತಡವಾಗಿ ಬರುತ್ತದೆ, ರೋಗಕ್ಕೆ ಬೇಗ ಬಗ್ಗುತ್ತದೆ. ಮೊದಲ ನಾಲ್ಕು ವಾರ ಮರಿಗಳಿಗೆಂದೇ ತಯಾರಾದ ಸ್ಟಾರ್ಟರ್ ಮೇವು ಕೊಡುವುದು ಲೇಸು. ಒಂದು ಮರಿ ಆ ಅವಧಿಯಲ್ಲಿ ತಿನ್ನುವುದು ಒಂದು ಕಿಲೋದ ಆಸುಪಾಸು. ಉಳಿಯುವ ಮರಿಯ ಬೆಲೆಯ ಮುಂದೆ ಆ ಖರ್ಚು ಸಣ್ಣದು. ಮೊಟ್ಟೆಯಿಡುವ ಕೋಳಿಯ ಮೇವನ್ನು ಮರಿಗೆ ಹಾಕಬಾರದು. ಚಿಪ್ಪಿಗೆಂದು ಸೇರಿಸಿದ ಸುಣ್ಣದಂಶ ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ನಮ್ಮ ಈ ರೇಷ್ಮೆ ಸೀಮೆಗೆ ಒಂದು ಸಂಪತ್ತಿದೆ. ನೂಲು ಬಿಚ್ಚಿದ ಮೇಲೆ ಬಿಸಿನೀರಿನಲ್ಲಿ ಉಳಿಯುವ ಪ್ಯೂಪಾದಿಂದ ಎಣ್ಣೆ ತೆಗೆದು ಒಣಗಿಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್. ಮೀನುಪುಡಿಯ ಜಾಗದಲ್ಲಿ ಕೋಳಿ ಮೇವಿಗೆ ಸೇರಿಸುವ ಪದಾರ್ಥವಿದು. ಎಣ್ಣೆ ತೆಗೆಯದ ಹಸಿ ಪ್ಯೂಪಾ ಬೇಗ ಕಮಟುತ್ತದೆ, ಹೆಚ್ಚು ತಿಂದರೆ ಮೊಟ್ಟೆ ಮಾಂಸಕ್ಕೂ ಆ ವಾಸನೆ ಬರುತ್ತದೆ. ಆದ್ದರಿಂದ ಅದೇ ದಿನದ್ದನ್ನು ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ, ಒಂದು ತಿಂಗಳು ದಾಟಿದ ಮರಿಗಳಿಗೆ ಸ್ವಲ್ಪವೇ ಬೆರೆಸಬೇಕು. ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಕೋಳಿಗಳನ್ನು ಅತ್ತ ಬಿಡಬಾರದು.

ಬಾತು ಮರಿ ಕೋಳಿಮರಿಯಲ್ಲ

ಮಾಗಡಿಯವರಿಗೆ ಹೆಸರಘಟ್ಟ ದೂರವೇನಲ್ಲ. ಅಲ್ಲಿ 1981ರಲ್ಲಿ ಶುರುವಾದ ಕೇಂದ್ರ ಬಾತುಕೋಳಿ ಸಂವರ್ಧನಾ ಕೇಂದ್ರಕ್ಕೆ ಇಂಗ್ಲೆಂಡಿನಿಂದ ಖಾಕಿ ಕ್ಯಾಂಪ್‌ಬೆಲ್ ತಳಿ ಬಂತು. ಗ್ಲಾಸ್ಟರ್‌ಶೈರಿನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ 1900ರ ಆಸುಪಾಸಿನಲ್ಲಿ ರೂಪಿಸಿದ ತಳಿಯದು. ಒಳ್ಳೆಯ ಸಾಕಣೆಯಲ್ಲಿ ವರ್ಷಕ್ಕೆ ಸುಮಾರು 300 ಮೊಟ್ಟೆ ಕೊಡುತ್ತದೆ. ಮೊಟ್ಟೆ ಬೆಳಗಿನ ಜಾವವೇ ಇಡುವುದರಿಂದ ಒಂಬತ್ತು ಗಂಟೆಯ ಮೇಲೆ ಹೊರಬಿಟ್ಟರೆ ಮೊಟ್ಟೆ ಕೆರೆಯ ಪಾಲಾಗುವುದಿಲ್ಲ. ಕಣ್ವ, ಮಂಚನಬೆಲೆಯಂಥ ಜಲಾಶಯಗಳೂ ಕೆರೆಗಳೂ ಇರುವ ಸೀಮೆಯಲ್ಲಿ, ಕನಕಪುರ ರಸ್ತೆಯ ಹೊಸ ತೋಟದ ಮನೆಗಳಲ್ಲಿ ಬಾತು ಸಾಕುವ ಆಸೆ ಸಹಜ.

ಖಾಕಿ ಕ್ಯಾಂಪ್‌ಬೆಲ್ ಕೂಡ ಕಾವಿಗೆ ಕೂರುವುದು ಅಪರೂಪ. ಇಲ್ಲಿಯೂ ಆಸರೆ ನಾಟಿ ಹ್ಯಾಟೆಯೇ. ಬಾತಿನ ಮೊಟ್ಟೆ ದೊಡ್ಡದಾದ್ದರಿಂದ ಏಳೆಂಟು ಇಟ್ಟರೆ ಸಾಕು. ಮರಿಯಾಗಲು 28 ದಿನ ಬೇಕು. ನೀರಿನಿಂದ ಒದ್ದೆ ಮೈಯಲ್ಲಿ ಬಂದು ಕೂರುವ ತಾಯಿಬಾತು ಮೊಟ್ಟೆಗೆ ಕೊಡುವ ತೇವವನ್ನು ಕೋಳಿ ಕೊಡಲಾರದು. ಹಾಗಾಗಿ ಕೊನೆಯ ವಾರದಲ್ಲಿ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಚಿಮುಕಿಸಬೇಕು. ಎರಡೂ ಜಾತಿಯ ಮರಿ ಒಟ್ಟಿಗೆ ಬೇಕೆಂದರೆ ಬಾತಿನ ಮೊಟ್ಟೆಯಿಟ್ಟು ಏಳು ದಿನ ಬಿಟ್ಟು ಕೋಳಿಯ ಮೊಟ್ಟೆ ಸೇರಿಸುತ್ತಾರೆ.

ಹುಟ್ಟಿದ ಮೇಲೆ ಎರಡನ್ನೂ ಬೇರೆ ಇಡುವುದು ಕ್ಷೇಮ. ಬಾತು ಮರಿಗೆ ಮೊದಲ ವಾರ 30–32 ಡಿಗ್ರಿ ಸಾಕು, ಆದರೆ ನೀರು ಹೆಚ್ಚು ಬೇಕು. ಅದು ತಿನ್ನುವುದನ್ನು ಹತ್ತಿರದಿಂದ ನೋಡಿ: ಒಂದು ಬಾಯಿ ಮೇವು ಗೋರುತ್ತದೆ, ನೀರಿಗೆ ಓಡಿ ಕೊಕ್ಕು ಅದ್ದುತ್ತದೆ, ತಲೆ ಒದರುತ್ತದೆ, ಮತ್ತೆ ಮೇವಿಗೆ ಓಡುತ್ತದೆ. ಅದರ ದಾರಿಯುದ್ದಕ್ಕೂ ಹಾಸಿಗೆ ಒದ್ದೆ. ಈ ಒದ್ದೆಯಲ್ಲಿ ಕೋಳಿಮರಿ ಉಳಿಯುವುದಿಲ್ಲ. ನೀರಿನ ಪಾತ್ರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಬೇಕು, ಮೈ ಮುಳುಗುವಷ್ಟಲ್ಲ. ಹೊಳ್ಳೆ, ಕಣ್ಣು ತೊಳೆದುಕೊಳ್ಳದಿದ್ದರೆ ಅವು ಕಟ್ಟಿಕೊಳ್ಳುತ್ತವೆ. ಒಣ ಹುಡಿ ಮೇವು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ನೀರು ಬೆರೆಸಿ ಕೊಡಬೇಕು, ಉಳಿದದ್ದು ಹುಳಿಯುವ ಮೊದಲೇ ತೆಗೆಯಬೇಕು.

ನೀರಿಗೆ ಬಿಡುವ ಅವಸರ ಬೇಡ. ತಾಯಿಬಾತಿನ ಮೈಗೆ ಉಜ್ಜಿಕೊಂಡು ಬೆಳೆಯುವ ಮರಿಗೆ ಅವಳ ಗರಿಯ ಎಣ್ಣೆ ಅಂಟಿ ನೀರು ಜಾರಿಹೋಗುತ್ತದೆ. ಬಲ್ಬಿನಡಿ ಅಥವಾ ಕೋಳಿಯಡಿ ಬೆಳೆದ ಮರಿಗೆ ಆ ಕಾಪು ಇಲ್ಲ. ಕೆರೆಗೆ ಬಿಟ್ಟರೆ ಖುಷಿಯಾಗಿ ಈಜುತ್ತದೆ, ತುಪ್ಪಳ ನೆನೆದು ಭಾರವಾಗುತ್ತದೆ, ಚಳಿಗೆ ಸೆಟೆದು ಮುಳುಗುತ್ತದೆ. ಗರಿ ಮೂಡುವ ನಾಲ್ಕನೆಯ ವಾರದವರೆಗೆ ಕಾಯುವುದು ಒಳಿತು.

ಬಾತು ಮರಿಗೆ ನಿಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು. ಕೊರತೆಯಾದರೆ ಕಾಲು ಬಾಗಿ ಕುಂಟುತ್ತದೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಎರಡರಲ್ಲೂ ಅದು ಧಾರಾಳ. ಆದರೆ ಹಿಂಡಿಯ ವಿಷಯದಲ್ಲಿ ಒಂದು ಎಚ್ಚರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು, ಬಾತು ಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅಫ್ಲಟಾಕ್ಸಿನ್ ಎಂಬ ವಿಷ ಲೋಕಕ್ಕೆ ಗೊತ್ತಾದದ್ದು ಹೀಗೆ. ಆ ವಿಷಕ್ಕೆ ಬಾತು ಮರಿ ಎಷ್ಟು ಬೇಗ ಬಲಿಯಾಗುತ್ತದೆಂದರೆ, ಮೇವಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಮೊದಲ ವರ್ಷಗಳಲ್ಲಿ ವಿಜ್ಞಾನಿಗಳು ಅದನ್ನೇ ಬಳಸಿದರು. ಮಳೆಗಾಲದಲ್ಲಿ ತೇವಕ್ಕೆ ಬೂಷ್ಟು ಹಿಡಿದ ಹಿಂಡಿ, ಜೋಳವನ್ನು ‘ಬಾತಿಗಾದರೂ ಆಗಲಿ’ ಎಂದು ಹಾಕುವ ಅಭ್ಯಾಸವನ್ನು ಬಿಡಲೇಬೇಕು.

ಬಾತು ಮರಿಯನ್ನು ಒಂಟಿಯಾಗಿ ಸಾಕಬಾರದು. ಹುಟ್ಟಿದ ಕೂಡಲೇ ಕಣ್ಣೆದುರು ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುವ ಅವುಗಳ ಗುಣವನ್ನು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್ 1935ರಲ್ಲಿ ವಿವರಿಸಿದರು. ಒಂಟಿ ಮರಿ ಮನುಷ್ಯನ ಕಾಲ್ಹಿಂದೆಯೇ ಅಲೆಯುತ್ತದೆ, ಅವನು ಕಣ್ಮರೆಯಾದರೆ ಕೂಗಿ ಕೂಗಿ ಸೊರಗುತ್ತದೆ. ಕಡೇಪಕ್ಷ ಎರಡಾದರೂ ಇರಲಿ.

ಮೇಲಿನ ಶತ್ರು, ಕೆಳಗಿನ ಶತ್ರು

ರಾಮದೇವರ ಬೆಟ್ಟದ ರಣಹದ್ದುಗಳನ್ನು ಕಂಡು ಕೋಳಿ ಸಾಕುವವರು ಭಯಪಡಬೇಕಿಲ್ಲ. ಅವು ಸತ್ತ ಪ್ರಾಣಿಯನ್ನಷ್ಟೇ ತಿನ್ನುತ್ತವೆ. ಮರಿ ಒಯ್ಯುವುದು ಹದ್ದು, ಗಿಡುಗ, ಕಾಗೆ. ಕಾವೇರಿ ವನ್ಯಧಾಮದ ಅಂಚಿನ ಕನಕಪುರದ ಊರುಗಳಲ್ಲಿ ಮುಂಗುಸಿ, ಕಾಡುಬೆಕ್ಕುಗಳೂ ಹೊಂಚು ಹಾಕುತ್ತವೆ. ರಾತ್ರಿಯ ಕಳ್ಳ ಹೆಗ್ಗಣ. ಅರ್ಧ ಇಂಚಿಗಿಂತ ಅಗಲವಿಲ್ಲದ ಜಾಲರಿಯನ್ನು ನೆಲದೊಳಗೂ ಒಂದಡಿ ಇಳಿಸಿದರೆ ಅದಕ್ಕೆ ದಾರಿಯಿಲ್ಲ. ಹಗಲಿನ ಕಾವಲಿಗೆ ಮರಿ ಅಡಗುವಂಥ ಪೊದೆ, ತಗ್ಗು ಚಪ್ಪರ ಸಾಕು.

ಒಂದು ಸೀಸೆ, ನೂರು ಮರಿ

ಕೊಕ್ಕರೆ ರೋಗ ಬಂದ ಊರಿನಲ್ಲಿ ಒಂದು ವಾರದಲ್ಲಿ ಹಿತ್ತಿಲುಗಳೇ ಬರಿದಾಗುತ್ತವೆ. ಹಸಿರು ಭೇದಿ, ಬಾಯ್ದೆರೆದು ಉಸಿರಾಟ, ಕುತ್ತಿಗೆ ತಿರುಚಿಕೊಂಡು ಬೀಳುವುದು, ಆಮೇಲೆ ಸಾವು. ವೈರಾಣು ತರುವ ಈ ಕಾಯಿಲೆಗೆ ಮದ್ದಿಲ್ಲ, ಲಸಿಕೆಯೊಂದೇ ತಡೆ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಲಸಿಕೆ, ಎರಡನೆಯ ವಾರ ಗಂಬೊರೊ ಎಂಬ ಮತ್ತೊಂದು ರೋಗದ ಲಸಿಕೆ, ನಾಲ್ಕನೆಯ ವಾರ ಲಸೋಟಾ ಮತ್ತೊಮ್ಮೆ, ಆರರಿಂದ ಎಂಟನೆಯ ವಾರದಲ್ಲಿ ಕೋಳಿ ಸಿಡುಬು ಮತ್ತು ಕೊಕ್ಕರೆ ರೋಗದ ಚುಚ್ಚುಮದ್ದು. ಮೈಸೂರು ಸೀರಂ ಸಂಸ್ಥೆಯಾಗಿ 1925ರಲ್ಲಿ ಶುರುವಾಗಿ ಇಂದು ಹೆಬ್ಬಾಳದಲ್ಲಿರುವ ಸರ್ಕಾರಿ ಪಶು ಜೈವಿಕ ಸಂಸ್ಥೆ ನಮ್ಮ ರಾಜ್ಯದ ಜಾನುವಾರು, ಕೋಳಿಗಳಿಗೆ ಲಸಿಕೆ ತಯಾರಿಸುತ್ತದೆ.

ಲಸಿಕೆ ಸಿಗುತ್ತದೆ, ತೊಡಕಿರುವುದು ಸೀಸೆಯಲ್ಲಿ. ಸಣ್ಣ ಸೀಸೆಯೂ ಸಾಮಾನ್ಯವಾಗಿ ನೂರು ಮರಿಗೆ ಆಗುವಷ್ಟಿರುತ್ತದೆ. ಶೈತ್ಯದಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಯ ಮನೆ ಒಬ್ಬಂಟಿಯಾಗಿ ಇದನ್ನು ಮಾಡುವುದಿಲ್ಲ, ಮಾಡಿದರೂ ತೊಂಬತ್ತು ಹನಿ ಚೆಲ್ಲಬೇಕು. ಇಡೀ ಬೀದಿ ಒಂದಾದರೆ ಇದು ಅರ್ಧ ಗಂಟೆಯ ಕೆಲಸ. ಊರಿನ ಹೆಂಗಸರು ಗಂಡಸರು ದಿನಾ ಬೆಳಿಗ್ಗೆ ಸೇರುವ ಹಾಲಿನ ಡೇರಿಯೇ ಅದಕ್ಕೆ ತಕ್ಕ ಜಾಗ. ದಿನ ಗೊತ್ತುಮಾಡಿ, ಪಶುವೈದ್ಯರಿಗೆ ತಿಳಿಸಿ, ಎಲ್ಲರೂ ಮಂಕರಿ ಹಿಡಿದು ಬಂದರಾಯಿತು. ಕಾಯಿಲೆ ಬಿದ್ದಾಗ ಕರೆಯಲು ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿ ಇದೆ.

ಕೋಳಿ ಬಾತು ಎರಡೂ ಇರುವ ಮನೆಗೆ ಇನ್ನೊಂದು ಮಾತು. ಹಕ್ಕಿಜ್ವರದ ವೈರಾಣುವನ್ನು ಬಾತು ಮೇಲ್ನೋಟಕ್ಕೆ ಏನೂ ತೋರದೆಯೂ ಹೊತ್ತಿರಬಲ್ಲದು. 2021ರಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಲ್ಲಿ, 2025ರಲ್ಲಿ ನಮ್ಮದೇ ಚಿಕ್ಕಬಳ್ಳಾಪುರದ ಕೋಳಿಗಳಲ್ಲಿ ಈ ಜ್ವರ ಕಾಣಿಸಿಕೊಂಡಿತ್ತು. ವಲಸೆ ಹಕ್ಕಿ ಇಳಿಯುವ ಕೆರೆಗೆ ಚಳಿಗಾಲದಲ್ಲಿ ಬಾತು ಬಿಡದಿರುವುದು, ಎರಡರ ಗೂಡು, ನೀರು ಬೇರೆ ಇಡುವುದು, ಒಟ್ಟಿಗೆ ಹಲವು ಹಕ್ಕಿ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸುವುದು ನಮ್ಮ ಮನೆ ಮಕ್ಕಳ ಆರೋಗ್ಯಕ್ಕೂ ಅಗತ್ಯ.

ಊರಿಗೊಂದು ಮರಿ ಮನೆ

ಶಾಖ, ಮೇವು, ಲಸಿಕೆ, ಕಾವಲು ಎಂಬ ನಾಲ್ಕನ್ನೂ ಹತ್ತು ಮರಿಗಾಗಿ ಹತ್ತು ಮನೆ ಬೇರೆ ಬೇರೆ ಮಾಡುವುದು ಕಷ್ಟ. ನೂರು ಮರಿಗಾಗಿ ಒಂದು ಮನೆ ಮಾಡುವುದು ಸುಲಭ. ಮದರ್ ಯೂನಿಟ್ ಎಂಬ ಹೆಸರಿನಲ್ಲಿ ಈ ಪದ್ಧತಿ ಇದ್ದೇ ಇದೆ: ಹೂಮರಿಯನ್ನು ನಾಲ್ಕೈದು ವಾರ ಸಾಕಿ, ಲಸಿಕೆ ಹಾಕಿ, ಗಟ್ಟಿಯಾದ ಮೇಲೆ ಹಂಚುವುದು. 2021ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಜಾನುವಾರು ಮಿಷನ್ ಇದಕ್ಕೆ ವೆಚ್ಚದ ಅರ್ಧದಷ್ಟು, ಗರಿಷ್ಠ 25 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಆದರೆ ಅದು ಸಾವಿರ ಮಾತೃಕೋಳಿಗಳ ಫಾರಂ, ಮರಿ ಕೇಂದ್ರ ಎಲ್ಲ ಸೇರಿದ ದೊಡ್ಡ ಉದ್ಯಮದ ಲೆಕ್ಕ. ಹಳ್ಳಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ.

ಲೆಕ್ಕ ಹಾಕಿ ನೋಡಿ. ನಾಲ್ಕು ವಾರದವರೆಗೆ ಮರಿಗೆ ಅರ್ಧ ಚದರಡಿ ಸಾಕು. ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆಯಲ್ಲಿ 200 ಮರಿ, ಎರಡು ಸೀಸೆ ಲಸಿಕೆಗೆ ಸರಿಯಾಗಿ. ಮೊದಲ ವಾರ 400 ವ್ಯಾಟ್ ಕರೆಂಟು, ಆಮೇಲೆ ಕಡಿಮೆ. ಒಂದು ತಂಡ ಹೋದ ಮೇಲೆ ಕೋಣೆಯನ್ನು ತೊಳೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಡಬೇಕು. ಬೆಳೆಯಿಂದ ಬೆಳೆಗೆ ಹುಳು ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಬಲ್ಲ ಹೆಣ್ಣುಮಕ್ಕಳಿಗೆ ಇದು ಹೊಸ ವಿದ್ಯೆಯೇ ಅಲ್ಲ. ತರಬೇತಿ ಬೇಕೆಂದರೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೆಬ್ಬಾಳ, ಹೆಸರಘಟ್ಟಗಳು ಒಂದೆರಡು ಗಂಟೆಯ ದಾರಿ.

ಇದನ್ನು ವಹಿಸಿಕೊಳ್ಳಬೇಕಾದವರು ಊರಿನ ಸ್ತ್ರೀಶಕ್ತಿ ಸಂಘದವರು. ಅನುದಾನ ಕೊಡುವವರು ಇಂಥ ಸಣ್ಣ ಕೋಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಪಶು ಆಸ್ಪತ್ರೆಗಳು ತಿಂಗಳಿಗೊಂದು ಲಸಿಕೆ ದಿನವನ್ನು ಡೇರಿಯ ಗೋಡೆಯ ಮೇಲೆ ಬರೆಸಬೇಕು, ನಾವು ಕೊಳ್ಳುವವರು ಹೂಮರಿಯ ಅಗ್ಗದ ಬೆಲೆಗೆ ಮರುಳಾಗದೆ ತಿಂಗಳು ತುಂಬಿದ ಮರಿಗೆ ತಕ್ಕ ಬೆಲೆ ಕೊಡಬೇಕು. ಚಾಕಿ ಕೇಂದ್ರ ಬಂದ ಮೇಲೆ ಇದೇ ನಾಲ್ಕು ತಾಲ್ಲೂಕುಗಳ ಸಣ್ಣ ರೈತನೂ ಧೈರ್ಯದಿಂದ ಬೆಳೆಗೆ ಕೈಹಾಕಿದ. ಎರಡು ಎಕರೆ ಇಲ್ಲದವರಿಗೆ, ಹಿಪ್ಪುನೇರಳೆ ತೋಟವೇ ಇಲ್ಲದವರಿಗೆ ಹಿತ್ತಿಲ ಕೋಳಿಯೇ ಬೆಳೆ. ಆ ಬೆಳೆಗೂ ಅಂಥದೇ ಭರವಸೆ ಸಿಗಬೇಕು. ಬರುವ ಚಳಿಗಾಲಕ್ಕೆ ಮುನ್ನ ಪ್ರತಿ ಊರಿನಲ್ಲೂ ಒಂದು ಕೋಣೆ ಸಿದ್ಧವಾದರೆ, ವರ್ಷತೊಡಕಿನ ಹೊತ್ತಿಗೆ ಹಿತ್ತಿಲು ತುಂಬಿರುತ್ತದೆ.